ಅಧಿಕಾರಿ ಕೇಳಿದ ಪೀಠ

ಓಫಿನ್ ನದಿಯ ದಂಡೆಯ ಮೇಲಿನ ಒಂದು ಊರಿನಲ್ಲಿ ಪೀಠದ ಮನೆಯನ್ನು ಕಾಯುವ ವೃದ್ಧರೊಬ್ಬರಿದ್ದರು. ಹೆಸರು ಬೊಯಿಟೆಂಗ್. ಅಶಾಂಟಿ ನಾಡಿನಲ್ಲಿ ಹಿರಿಯರನ್ನು ನಾನಾ ಎಂದು ಕರೆಯುತ್ತಾರೆ. ಊರಿಗೆಲ್ಲ ಅವರು ನಾನಾ ಬೊಯಿಟೆಂಗ್.

ಅವರಿಗೆ ಒಬ್ಬನೇ ಶಿಷ್ಯ, ಕ್ವಾಬೆನಾ. ಮರಗೆತ್ತನೆ ಕಲಿತು ಬಂದವನು. ಕೈ ಚುರುಕು. ಮಾತು ಕಡಿಮೆ. ಜನರ ಮೇಲಿನ ನಂಬಿಕೆ ಇನ್ನೂ ಕಡಿಮೆ.

ಆ ನಾಡಿನಲ್ಲಿ ಅಧಿಕಾರದ ಗುರುತು ಕಿರೀಟವಲ್ಲ, ಪೀಠ. ಇಡೀ ಜನಾಂಗದ ಚಿನ್ನದ ಪೀಠ ರಾಜಧಾನಿ ಕುಮಾಸಿಗೆ ಸೇರಿದ್ದು. ಅದರ ಮೇಲೆ ಅರಸನೂ ಕೂರುವಂತಿಲ್ಲ. ಅದಲ್ಲದೆ ಊರೂರಿಗೂ ತನ್ನದೇ ಆದ ಮರದ ಪೀಠವುಂಟು. ಹಿಂದಿನ ಒಡೆಯ ಬದುಕಿದ್ದಾಗ ಕೂರುತ್ತಿದ್ದ ಪೀಠವನ್ನು ಅವನು ತೀರಿಕೊಂಡ ಮೇಲೆ ಮಸಿ ಮತ್ತು ಮೊಟ್ಟೆಯ ಹಳದಿ ಬಳಿದು ಕಪ್ಪಾಗಿಸಿ ಕಾಪಾಡುತ್ತಾರೆ. ಹೊಸ ಒಡೆಯನಿಗೆ ಪಟ್ಟ ಕಟ್ಟುವ ದಿನ ಹಿರಿಯರು ಅವನ ತೋಳು ಹಿಡಿದು, ಸೋಕಿತೋ ಇಲ್ಲವೋ ಎಂಬಂತೆ ಪೀಠದ ಮೇಲಕ್ಕೆ ಇಳಿಸಿ ಎತ್ತುತ್ತಾರೆ. ಅಷ್ಟೇ. ಉಳಿದ ಕಾಲವೆಲ್ಲ ಪೀಠ ಮಗ್ಗುಲಾಗಿ ಮಲಗಿರುತ್ತದೆ. ನೆಟ್ಟಗೆ ಇಟ್ಟರೆ ಯಾವುದೋ ಅಲೆಮಾರಿ ಜೀವ ಬಂದು ಕುಳಿತುಬಿಟ್ಟೀತು.

ಊರಿನ ಪ್ರಾಣ ಆ ಪೀಠದಲ್ಲಿದೆ ಎಂದು ಜನ ತಿಳಿದಿದ್ದರು. ಗುಡ್ಡದ ಮೇಲೆ ಡೇರೆ ಹಾಕಿದ್ದ ಬಿಳಿಯ ಅಧಿಕಾರಿಗೂ ಯಾರೋ ಹಾಗೆಂದು ಹೇಳಿದ್ದರು.

ಅಧಿಕಾರಿ ಊರಿನ ಒಡೆಯನನ್ನು ಹಿಡಿದು ಕಡಲ ತೀರದ ಕೋಟೆಯಲ್ಲಿ ಇಟ್ಟಿದ್ದ. ಈಗ ಹೇಳಿ ಕಳುಹಿಸಿದ: "ಪೀಠವನ್ನು ತಂದು ಒಪ್ಪಿಸಿ. ನೀವೆಲ್ಲ ನೋಡುತ್ತಿರುವಾಗ ನಾನು ಅದರ ಮೇಲೆ ಕೂರುತ್ತೇನೆ. ನಿಮ್ಮ ಒಡೆಯನನ್ನು ಬಿಡುತ್ತೇನೆ. ಮೋಸ ಮಾಡಿದರೆ ಅವನನ್ನು ಹಡಗು ಹತ್ತಿಸುತ್ತೇನೆ, ಊರಿಗೆ ಬೆಂಕಿ ಇಡುತ್ತೇನೆ."

ಒಡೆಯನಿಲ್ಲದಾಗ ಊರಿನ ಭಾರ ಹೊತ್ತವಳು ರಾಜಮಾತೆ. ಅವಳು ಆ ಮಾತನ್ನು ಕೇಳಿದಳು. ನಾನಾ ಬೊಯಿಟೆಂಗರ ಮುಖ ನೋಡಿದಳು. "ಪೀಠ ನಿಮ್ಮ ಕೈಯಲ್ಲಿದೆ," ಎಂದಳು.

ಗುರುಶಿಷ್ಯರಿಬ್ಬರೂ ಪೀಠವನ್ನು ಬಟ್ಟೆಯಲ್ಲಿ ಸುತ್ತಿ ಕಾಡಿಗೆ ಒಯ್ದು ಬಚ್ಚಿಟ್ಟು ಬಂದರು.

ಆಮೇಲೆ ಕ್ವಾಬೆನಾ ಕಾಣೆಯಾದ. ಹಿಂತಿರುಗಿ ಬಂದಾಗ ಅವನ ಬೆರಳುಗಳ ಮೇಲೆ ಬಾಚಿಯ ಗಾಯಗಳಿದ್ದವು. ಹೆಗಲ ಮೇಲೆ ಒಂದು ಪೀಠವಿತ್ತು.

ಅದನ್ನು ಗುರುವಿನ ಮುಂದೆ ಮಗ್ಗುಲಾಗಿ ಇಟ್ಟ.

ನಾನಾ ಬೊಯಿಟೆಂಗ್ ಬಗ್ಗಿ ನೋಡಿದರು. ಬಾಗಿದ ಆಸನ, ನಡುವಿನ ಕಂಬ, ಕಂಬದ ಸುತ್ತಲಿನ ಕೆತ್ತನೆ, ಬುಡದ ಒಂದು ಮೂಲೆಯಲ್ಲಿದ್ದ ಹಳೆಯ ಸೀಳು ಕೂಡ ಇತ್ತು.

"ಸೀಳನ್ನೂ ಬಿಟ್ಟಿಲ್ಲ," ಎಂದರು.

"ಬಿಟ್ಟಿಲ್ಲ, ನಾನಾ. ಮಸಿ ಬಳಿದರೆ ಮುಗಿಯಿತು. ರಾಜಮಾತೆಯವರಿಗೂ ಗುರುತು ಸಿಗಲಾರದು."

"ಇದನ್ನು ಅಧಿಕಾರಿಗೆ ಕೊಡೋಣ ಎನ್ನುತ್ತೀಯ."

"ಹೌದು. ಅವನು ಇದರ ಮೇಲೆ ಕೂರಲಿ. ನಮ್ಮದು ನಮ್ಮಲ್ಲೇ ಉಳಿಯುತ್ತದೆ."

"ಇದು ಬೇರೆ ಎಂದು ಯಾರಿಗೆ ಗೊತ್ತು?"

"ನಿಮಗೆ, ನನಗೆ. ಮೂರನೆಯವರಿಗೆ ಗೊತ್ತಿಲ್ಲ." ಕ್ವಾಬೆನಾ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

"ಅಧಿಕಾರಿ ಕೂರುವಾಗ ಊರಿನವರು ನೋಡುತ್ತಿರುತ್ತಾರೆ."

"ನೋಡಲೇಬೇಕು. ಅದು ಅವನ ಷರತ್ತು."

"ಅವರು ಏನನ್ನು ನೋಡುತ್ತಾರೆ?"

ಕ್ವಾಬೆನಾ ತಾನು ಕೆತ್ತಿದ ಸೀಳಿನ ಕಡೆ ನೋಡಿದ.

"ತಮ್ಮ ಪೀಠದ ಮೇಲೆ ಪರಕೀಯ ಕುಳಿತದ್ದನ್ನು ನೋಡುತ್ತಾರೆ," ಎಂದರು ನಾನಾ. "ಮನೆಗೆ ಹೋಗುತ್ತಾರೆ. ಅಲ್ಲಿಗೆ ಅವರ ಪಾಲಿಗೆ ಊರು ಮುಗಿಯಿತು. ಆಮೇಲೆ ಕಾಡಿನಲ್ಲಿ ನಾನೂ ನೀನೂ ಬಚ್ಚಿಟ್ಟಿರುವುದು ಏನು?"

"ಪೀಠ."

"ಸೌದೆ."

ಕ್ವಾಬೆನಾನ ಮುಖ ಇಳಿಯಿತು. "ಹಾಗಾದರೆ ಇದು ವ್ಯರ್ಥವೇ, ನಾನಾ?"

"ಯಾರು ಹೇಳಿದರು? ಒಳ್ಳೆಯ ಕೆಲಸ. ಅಲ್ಲಿ ಸುಟ್ಟ ಬಾಳೆಕಾಯಿ ಇದೆ, ತೆಗೆದುಕೊಂಡು ಬಾ."

ಅವನು ಬಾಳೆಕಾಯಿ ತಂದಾಗ ಗುರುಗಳು ಪೀಠವನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಕುಳಿತಿದ್ದರು.

ಕ್ವಾಬೆನಾ ನಿಂತಲ್ಲೇ ನಿಂತ. ಅದು ತನ್ನದೇ ಕೈಕೆಲಸವೆಂದು ಅವನಿಗೆ ಗೊತ್ತು. ಆದರೂ ಹತ್ತಿರ ಬರಲು ಅಂಜಿದ.

"ಏನು ನೋಡುತ್ತೀ? ಮಣೆ ಇರುವುದು ಕೂರುವುದಕ್ಕೆ." ನಾನಾ ಬಾಳೆಕಾಯಿಯ ಸಿಪ್ಪೆ ಸುಲಿದು ಪೀಠದ ಅಂಚಿಗೇ ಕೈ ಒರೆಸಿದರು. "ಆಸನ ಚೆನ್ನಾಗಿ ಬಾಗಿದೆ. ನನ್ನ ಸೊಂಟಕ್ಕೆ ಹಿತವಾಗಿದೆ. ತಿಂದಾದ ಮೇಲೆ ಇದನ್ನು ಮೀನಿನ ಅದ್ವೋವಾಗೆ ಕೊಟ್ಟು ಬಾ."

"ಅದ್ವೋವಾಗೇ?"

"ಅವಳ ಮಣೆಯ ಕಾಲು ಮುರಿದಿದೆ. ಸಂತೆಯಲ್ಲಿ ನೆಲದ ಮೇಲೆ ಕುಳಿತು ಮೀನು ಕೊಯ್ಯುತ್ತಾಳೆ."

"ನಾನಾ, ಆ ಹೆಂಗಸಿನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಕಳೆದ ವರ್ಷ ರಾಜಮಾತೆಯ ಹಲ್ಲು ಬಿದ್ದದ್ದು ರಾಜಮಾತೆಗಿಂತ ಮೊದಲು ಸಂತೆಗೆ ತಿಳಿದಿತ್ತು!"

"ಅದಕ್ಕೇ ಅವಳಿಗೆ. ಇದು ಏನು, ಯಾಕೆ ಮಾಡಿದ್ದು, ಅಧಿಕಾರಿ ಬಂದಾಗ ಇದನ್ನೇ ಕೊಡುತ್ತೇವೆ, ಎಲ್ಲವನ್ನೂ ಹೇಳು."

"ಎಲ್ಲವನ್ನೂ?"

"ನಿಧಾನವಾಗಿ ಹೇಳು. ಅವಳು ನಡುವೆ ಮಾತಾಡುತ್ತಾಳೆ."

ಶಿಷ್ಯನಾದವನು ಗುರುವಿನ ಮಾತನ್ನು ಮೀರುವಂತಿಲ್ಲ. ಕ್ವಾಬೆನಾ ಪೀಠವನ್ನು ಹೊತ್ತು ಸಂತೆಗೆ ಹೋದ. ದಾರಿಯುದ್ದಕ್ಕೂ, ಮುದುಕರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೇನೋ ಎಂಬ ಸಂದೇಹ ಅವನನ್ನು ಕಾಡಿತು.

ಅವನು ಹೇಳಿದ್ದನ್ನೆಲ್ಲ ಅದ್ವೋವಾ ಕೇಳಿದಳು. ಅವನ ಅನುಭವದಲ್ಲಿ ಮೊದಲ ಬಾರಿಗೆ, ನಡುವೆ ಬಾಯಿ ಹಾಕದೆ ಕೇಳಿದಳು.

ಆಮೇಲೆ ಎದ್ದು, ಸೀರೆಯಂತೆ ಸುತ್ತಿದ್ದ ಬಟ್ಟೆಯನ್ನು ಬಿಗಿಮಾಡಿಕೊಂಡು, ಪೀಠದ ಮೇಲೆ ಕುಳಿತಳು. ಅತ್ತಿತ್ತ ಅಲುಗಾಡಿದಳು.

"ಗಟ್ಟಿಯಾಗಿದೆ," ಎಂದಳು. "ಬಿಳಿಯನ ಭಾರ ನನಗಿಂತ ಹೆಚ್ಚಿಲ್ಲ ಬಿಡು. ತಡೆಯುತ್ತದೆ."

"ಅಕ್ಕಾ, ಇದು ತಮಾಷೆಯಲ್ಲ."

"ನಾನೆಲ್ಲಿ ನಕ್ಕೆ?" ಎಂದು ಅವಳು ಪಕ್ಕದ ಅಂಗಡಿಯ ಕಡೆ ತಿರುಗಿ ಕೂಗಿದಳು: "ಏ ಸೇಂದಿಯವನೇ, ಬಾ ಇಲ್ಲಿ! ನಿನ್ನ ಜನ್ಮದಲ್ಲಿ ಪೀಠದ ಮೇಲೆ ಕೂತಿದ್ದೀಯಾ?"

ಕ್ವಾಬೆನಾ ಕಣ್ಣು ಮುಚ್ಚಿಕೊಂಡ.

ಸೇಂದಿಯವನು ಬಂದು ಕುಳಿತ. ವಿಷಯ ಕೇಳಿ ದಿಗ್ಗನೆ ಎದ್ದ. ಮತ್ತೆ ಕುಳಿತ. ಕ್ಷೌರಿಕ ತನ್ನ ಗಿರಾಕಿಯನ್ನು ಅದರ ಮೇಲೆ ಕೂರಿಸಿ ತಲೆ ಬೋಳಿಸಿದ. ಕಡಲೆಕಾಯಿ ಬಿಡಿಸುವ ಹೆಂಗಸರು ಸರದಿಯಲ್ಲಿ ಕುಳಿತರು. ಒಬ್ಬ ಮುದುಕ ಕುಳಿತು ಬೇಸರದಿಂದ, "ಒಡೆಯರು ಇಷ್ಟು ಗಟ್ಟಿ ಮರದ ಮೇಲೆ ಕೂರುತ್ತಿದ್ದರೇ? ಪಾಪ," ಎಂದ. ಅದ್ವೋವಾ ಎಲ್ಲರಿಗೂ ವಿಷಯವನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಮೀನಿಗೆ ಬಂದವರೂ ಕೇಳಿದರು; ಮೀನು ತಿನ್ನದವರೂ ಬಂದು ಕೇಳಿದರು.

ಕುಳಿತುಕೊಳ್ಳದೆ ಇದ್ದಾಗ ಅವಳು ಅದನ್ನೇ ಮುಂದೆಳೆದು ಅದರ ಮೇಲೆ ಮೀನು ಕೊಯ್ದಳು. ಕತ್ತಿ ತಗುಲಿ ಆಸನದಲ್ಲಿ ಗೀರುಗಳೆದ್ದವು. ಪ್ರತಿ ಗೀರೂ ಕ್ವಾಬೆನಾನ ಮೈಮೇಲೆ ಬಿದ್ದಂತಾಯಿತು.

ಸಂಜೆ ಅವನು ಗುರುವಿನ ಬಳಿಗೆ ಓಡಿಬಂದ.

"ನಾನಾ, ಊರಿಗೆಲ್ಲ ಗೊತ್ತಾಯಿತು!"

"ಒಳ್ಳೆಯದಾಯಿತು."

"ಇಷ್ಟು ಬಾಯಿಗಳಲ್ಲಿ ಒಂದು ಬಾಯಿ ಅಧಿಕಾರಿಯ ಮುಂದೆ ತೆರೆದುಕೊಂಡರೂ ಸಾಕು. ಒಡೆಯರು ಹಡಗು ಹತ್ತುತ್ತಾರೆ. ಈ ಊರು ಬೂದಿಯಾಗುತ್ತದೆ."

"ಆಗುತ್ತದೆ."

"ನಿಮಗೆ ಭಯವಿಲ್ಲವೇ?"

"ಇದೆ," ಎಂದರು ನಾನಾ. "ಆದರೆ ಆ ಒಂದು ಬಾಯಿ ತೆರೆದುಕೊಳ್ಳುವುದಾದರೆ, ನಾವು ಕಾಯುತ್ತಿದ್ದುದು ಏನನ್ನು? ಒಂದೇ ಕಡೆ ಕಟ್ಟಿಕೊಂಡ ಮನೆಗಳನ್ನು. ಅದಕ್ಕೆ ಪೀಠ ಯಾಕೆ?"

ಕ್ವಾಬೆನಾ ತಲೆ ತಗ್ಗಿಸಿದ. ಒಪ್ಪಿಗೆಯಾಗಲಿಲ್ಲ.

"ಒಂದು ಮಾತು ಹೇಳು," ಎಂದರು ನಾನಾ. "ನಿಜವಾದ ಪೀಠ ಎಲ್ಲಿದೆ ಎಂದು ಸಂತೆಯಲ್ಲಿ ಯಾರಾದರೂ ಕೇಳಿದರೇ?"

ಅವನು ನೆನಪು ಮಾಡಿಕೊಂಡ. "ಇಲ್ಲ."

"ಅದ್ವೋವಾ?"

"ಅವಳೂ ಕೇಳಲಿಲ್ಲ."

ನಾನಾ ಬೊಯಿಟೆಂಗ್ ಕಾಲು ತೊಳೆಯಲು ನದಿಗೆ ಇಳಿದರು.

ಮುಂದಿನ ದಿನಗಳಲ್ಲಿ ಕ್ವಾಬೆನಾ ಸಂತೆಯಲ್ಲೇ ಸುತ್ತಾಡಿದ. ಯಾರು ಯಾರ ಕಿವಿಯಲ್ಲಿ ಏನು ಹೇಳುತ್ತಾರೆ, ಗುಡ್ಡದ ದಾರಿ ಹಿಡಿದವರು ಯಾರು ಎಂದು ಗಮನಿಸಿದ. ಹೊರಗಿನಿಂದ ಉಪ್ಪು ಮಾರಲು ಬಂದವನೊಬ್ಬ ಪೀಠವನ್ನು ನೋಡಿ, "ಇಷ್ಟು ಚೆಂದದ ಮಣೆಯ ಮೇಲೆ ಮೀನು ಕೊಯ್ಯುತ್ತೀಯಲ್ಲ!" ಎಂದಾಗ ಕ್ವಾಬೆನಾ ಥಟ್ಟನೆ ಹತ್ತಿರ ಬಂದ.

"ನಿನ್ನ ಉಪ್ಪು ಇಷ್ಟು ಚೆಂದವಿದ್ದಿದ್ದರೆ ಅದನ್ನೂ ಕೊಳ್ಳುತ್ತಿದ್ದೆ," ಎಂದಳು ಅದ್ವೋವಾ. ಉಪ್ಪಿನವನು ಮುಖ ಊದಿಸಿಕೊಂಡು ಮುಂದೆ ಹೋದ.

ಆಮೇಲೆ ಅವಳು ಕತ್ತಿಯನ್ನು ಕೆಳಗಿಟ್ಟು ಕ್ವಾಬೆನಾನನ್ನು ಕರೆದಳು.

"ತಮ್ಮಾ, ಎಷ್ಟು ದಿನ ಹೀಗೆ ಬೆಕ್ಕಿನ ಹಾಗೆ ನನ್ನ ಮೀನಿನ ಬುಟ್ಟಿ ಸುತ್ತುತ್ತೀ?"

"ಏನೂ ಇಲ್ಲ, ಅಕ್ಕಾ."

"ಏನೂ ಇಲ್ಲವಂತೆ. ನಿನ್ನ ಗುರುಗಳು ನನ್ನನ್ನು ನಂಬಿದರು. ನೀನು ನನ್ನನ್ನು ಕಾಯುತ್ತಿದ್ದೀಯ. ಇಬ್ಬರಲ್ಲಿ ಯಾರ ಮಾತಿಗೆ ನಾನು ಬಾಯಿ ಮುಚ್ಚಿಕೊಂಡಿರಲಿ?"

ಅವನು ಬುಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಹೋಗು, ಹೋಗು. ನೀನು ಹೀಗೆ ಕಣ್ಣು ಪಿಳಿಪಿಳಿ ಬಿಡುತ್ತಾ ನಿಂತರೆ ಕುರುಡನಿಗೂ ಅನುಮಾನ ಬರುತ್ತದೆ."

ಅಧಿಕಾರಿ ಬರುವ ಮುನ್ನಾ ದಿನ ಕ್ವಾಬೆನಾ ಪೀಠವನ್ನು ಸಂತೆಯಿಂದ ವಾಪಸು ತಂದ. ನದಿಯ ಮರಳಿನಿಂದ ಉಜ್ಜಿದ. ಒಲೆಯ ಮಸಿಗೆ ಮೊಟ್ಟೆಯ ಹಳದಿ ಬೆರೆಸಿ ದಪ್ಪನಾಗಿ ಬಳಿದ. ಗೀರುಗಳು ಮುಚ್ಚಿಹೋದವು. ಪೀಠ ಮಲಗಿದ ಎಮ್ಮೆಯಂತೆ ಕಪ್ಪಗೆ ಮಿನುಗಿತು.

ಮೂಗು ಹತ್ತಿರ ಒಯ್ದು ನೋಡಿದ. ವಾಸನೆ ಹೋಗಿರಲಿಲ್ಲ.

"ನಾನಾ, ಮೀನು ನಾರುತ್ತಿದೆ."

"ನಾರದೆ ಇರುತ್ತದೆಯೇ? ಅದ್ವೋವಾ ಒಳ್ಳೆಯ ಮೀನುಗಾರ್ತಿ."

"ಗಂಧದ ಹೊಗೆ ಹಾಕಲೇ?"

"ಬೇಡ. ನಾಳೆಗೆ ಹೊಸ ಬಟ್ಟೆ ಉಡು."

ಬೆಳಿಗ್ಗೆ ಅಧಿಕಾರಿ ಸಿಪಾಯಿಗಳೊಂದಿಗೆ ಬಂದ. ಅವನ ಪಕ್ಕದಲ್ಲಿ ದುಭಾಷಿ ಇದ್ದ: ಕಡಲ ತೀರದ ಫಾಂಟಿ ಜನಾಂಗದವನು, ಬಿಳಿಯ ಕೋಟು ತೊಟ್ಟವನು, ಅಶಾಂಟಿಯವರ ಮಾತು ಚೆನ್ನಾಗಿ ಬಲ್ಲವನು. ಅವನ ಜನರಿಗೂ ಅಶಾಂಟಿಯವರಿಗೂ ಅಜ್ಜಂದಿರ ಕಾಲದಿಂದ ಯುದ್ಧವೇ ಹೆಚ್ಚು, ಸ್ನೇಹ ಕಡಿಮೆ. ಅವನು ಯಾರ ಮುಖವನ್ನೂ ನೋಡದೆ ಬಂದು ನಿಂತ.

ಊರಿಗೆ ಊರೇ ದೊಡ್ಡ ಮರದ ಕೆಳಗೆ ಸೇರಿತ್ತು. ರಾಜಮಾತೆ ತನ್ನ ಛತ್ರಿಯ ಕೆಳಗೆ ಕುಳಿತಿದ್ದಳು. ನಗಾರಿ ನಿಧಾನವಾಗಿ, ಸಾವಿನ ಮನೆಯಲ್ಲಿ ಬಾರಿಸುವಂತೆ, ಬಾರಿಸಿತು.

ಕ್ವಾಬೆನಾ ಪೀಠವನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಹೊತ್ತು ತಂದ. ಬಟ್ಟೆ ಬಿಚ್ಚಿ ಮಗ್ಗುಲಾಗಿ ಇಟ್ಟ.

ಅಧಿಕಾರಿ ಬೂಟಿನ ತುದಿಯಿಂದ ಅದನ್ನು ನೆಟ್ಟಗೆ ನಿಲ್ಲಿಸಿದ. ಸುತ್ತಲೂ ಒಮ್ಮೆ ಕಣ್ಣಾಡಿಸಿದ. ಕುಳಿತ.

ಗುಂಪಿನಿಂದ ಗೋಳಿನ ಧ್ವನಿ ಎದ್ದಿತು. ಎಲ್ಲರಿಗಿಂತ ಜೋರಾಗಿ ಅತ್ತವಳು ಅದ್ವೋವಾ. ಎದೆ ಬಡಿದುಕೊಂಡಳು, ನೆಲಕ್ಕೆ ಬಿದ್ದಳು, ಬಟ್ಟೆಯ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಹೆಗಲು ಕುಲುಕುತ್ತಿತ್ತು. ಸೇಂದಿಯವನೂ ಮುಖ ಮುಚ್ಚಿಕೊಂಡ. ಅವನ ಹೆಗಲೂ ಕುಲುಕಿತು. ಕ್ಷೌರಿಕ ಮರದ ಕಡೆ ತಿರುಗಿ ನಿಂತ.

ಅಧಿಕಾರಿಗೆ ತೃಪ್ತಿಯಾಯಿತು. ಇಡೀ ಊರು ಕುಸಿಯುವುದನ್ನು ತಾನು ಕಣ್ಣಾರೆ ಕಂಡೆ ಎಂದು ಅವನು ತಿಳಿದ.

ಬಿಸಿಲು ಏರಿತ್ತು. ಮಸಿ ಮೆತ್ತಗಾಗತೊಡಗಿತ್ತು. ಅಧಿಕಾರಿ ಮೂಗು ಮುರಿದ. ಪಕ್ಕಕ್ಕೆ ಬಾಗಿ ಮೂಸಿದ. ಎದ್ದು ನಿಂತು ಏನೋ ಕೇಳಿದ.

ದುಭಾಷಿ ಹೇಳಿದ: "ಇದು ಯಾಕೆ ಹೀಗೆ ನಾರುತ್ತಿದೆ ಎಂದು ದೊರೆಗಳು ಕೇಳುತ್ತಿದ್ದಾರೆ."

ಅಳು ನಿಂತಿತು. ನಗಾರಿಯೂ ನಿಂತಿತು.

ಅಧಿಕಾರಿ ಬೆರಳು ತೋರಿಸಿದ. ದುಭಾಷಿ ಬಂದು ಪೀಠದ ಮುಂದೆ ಮಂಡಿಯೂರಿದ. ಕಡಲ ತೀರದಲ್ಲಿ ಹುಟ್ಟಿ ಬೆಳೆದವನಿಗೆ ಅದು ಯಾವ ವಾಸನೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಆಸನದ ಅಂಚಿನ ಮೇಲೆ ಬೆರಳಾಡಿಸಿದ. ಮೆತ್ತಗಾದ ಮಸಿ ಸರಿದು ಕೆಳಗಿನ ಗೀರು ಕಂಡಿತು. ಗೀರಿನಲ್ಲಿ ಒಂದು ಮೀನಿನ ಹುರುಪೆ ಹೊಳೆಯಿತು. ಅದರ ಸುತ್ತ ಮರ ಹೊಸದಾಗಿ ಬೆಳ್ಳಗಿತ್ತು.

ದುಭಾಷಿ ತಲೆ ಎತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕ್ವಾಬೆನಾಗೆ ಮಾತ್ರ ಕೇಳುವಂತೆ, ಅವನದೇ ನುಡಿಯಲ್ಲಿ ಕೇಳಿದ:

"ಇದರ ಮೇಲೆ ಮೀನು ಕೊಯ್ದವರು ಯಾರು?"

ಕ್ವಾಬೆನಾ ಗುರುವಿನ ಕಡೆ ನೋಡಿದ. ನಾನಾ ಬೊಯಿಟೆಂಗ್ ನದಿಯ ಕಡೆ ನೋಡುತ್ತಿದ್ದರು.

ಜನರ ಕಡೆ ನೋಡಿದ. ಎಲ್ಲರಿಗೂ ತಿಳಿದಿತ್ತು. ಕಡಲೆಕಾಯಿಯ ಹೆಂಗಸರಿಗೆ, ಗಟ್ಟಿ ಮರಕ್ಕೆ ಬೇಸರಿಸಿದ್ದ ಮುದುಕನಿಗೆ, ಛತ್ರಿಯ ಕೆಳಗಿದ್ದ ರಾಜಮಾತೆಗೆ. ಎಲ್ಲರೂ ಬೂದಿಯಾಗಬಹುದಾದ ಆ ಕ್ಷಣದಲ್ಲಿ ಒಬ್ಬರೂ ಅತ್ತಿತ್ತ ಅಲುಗಲಿಲ್ಲ, ಒಬ್ಬರೂ ಇನ್ನೊಬ್ಬರ ಕಡೆ ಬೆರಳು ಮಾಡಲಿಲ್ಲ. ಅಷ್ಟು ದಿನ ಅವರ ಬಾಯಿಗಳನ್ನು ಎಣಿಸುತ್ತಿದ್ದವನಿಗೆ ಈಗ ಒಂದು ಬಾಯಿಯೂ ಬೇರೆಯಾಗಿ ಕಾಣಲಿಲ್ಲ.

"ಊರು," ಎಂದ ಕ್ವಾಬೆನಾ.

"ಊರು ಅಂದರೆ?"

"ಇಲ್ಲಿರುವ ಎಲ್ಲರೂ. ಎಲ್ಲರಿಗೂ ಗೊತ್ತು."



ದುಭಾಷಿ ಆಗ ತಲೆ ಎತ್ತಿದ. ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಜನರ ಮುಖಗಳನ್ನು ನೋಡಿದ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ, ಆತುರವಿಲ್ಲದೆ ನೋಡಿದ. ಅದ್ವೋವಾ ನೆಲದ ಮೇಲೆ ಕುಳಿತಲ್ಲಿಂದಲೇ ಅವನನ್ನು ದಿಟ್ಟಿಸಿದಳು. ಸೆರಗು ಇನ್ನೂ ಅವಳ ಬಾಯಲ್ಲೇ ಇತ್ತು.

ಅವನು ಹೆಬ್ಬೆರಳಿನಿಂದ ಮಸಿಯನ್ನು ಗೀರಿನ ಮೇಲೆ ಎಳೆದು ಒತ್ತಿದ. ಎದ್ದು ನಿಂತು ಕೋಟಿನ ಧೂಳು ಕೊಡವಿದ. ಅಧಿಕಾರಿಯ ಕಡೆ ತಿರುಗಿ ಅವನ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದ.

ಆ ಭಾಷೆ ತಿಳಿದಿದ್ದವನು ಊರಿನಲ್ಲಿ ಒಬ್ಬನಿದ್ದ. ಹಿಂದೆ ಮಿಷನ್ನಿನಲ್ಲಿ ಅಡಿಗೆ ಮಾಡುತ್ತಿದ್ದವನು. ದುಭಾಷಿ ಹೇಳಿದ್ದನ್ನು ಅವನು ಆಮೇಲೆ ಎಲ್ಲರಿಗೂ ತಿಳಿಸಿದ. "ದೊರೆಗಳೇ, ಊರಿನವರೆಲ್ಲ ಈ ಪೀಠಕ್ಕೆ ತಮ್ಮ ಕೈಯಿಂದಲೇ ನೈವೇದ್ಯ ಮಾಡುತ್ತಾರಂತೆ. ಅದರ ವಾಸನೆ. ಪೀಠ ಹಳೆಯದಾದಷ್ಟೂ ವಾಸನೆ ಹೆಚ್ಚಂತೆ. ನಾಡಿನಲ್ಲಿ ಇಷ್ಟು ವಾಸನೆಯ ಪೀಠವನ್ನು ನಾನು ಬೇರೆಲ್ಲೂ ಕಂಡಿಲ್ಲ."

ಅಧಿಕಾರಿ ಗಂಭೀರವಾಗಿ ತಲೆಯಾಡಿಸಿದ. ಪೀಠವನ್ನು ಕಟ್ಟಿಸಿ ಹಮಾಲಿಯ ತಲೆಯ ಮೇಲೆ ಹೊರಿಸಿದ. ಒಡೆಯನನ್ನು ಬಿಡುವಂತೆ ಅಲ್ಲಿಂದಲೇ ಕೋಟೆಗೆ ಓಟದಾಳನ್ನು ಕಳುಹಿಸಿದ. ಸಿಪಾಯಿಗಳು ಸಾಲುಗಟ್ಟಿದರು. ದುಭಾಷಿ ಎಲ್ಲರಿಗಿಂತ ಹಿಂದೆ ಹೊರಟ. ರಾಜಮಾತೆಯ ಮುಂದೆ ಬಂದಾಗ, ಅಲ್ಲಿನವರು ಹಿರಿಯರೆದುರು ಮಾಡುವಂತೆ, ಚಪ್ಪಲಿಯಿಂದ ಕಾಲು ಹೊರತೆಗೆದು ಒಂದು ಕ್ಷಣ ಬರಿಗಾಲಿನಲ್ಲಿ ನಿಂತು, ಮತ್ತೆ ಮೆಟ್ಟಿಕೊಂಡು ನಡೆದ.

ಅವರೆಲ್ಲ ಗುಡ್ಡದ ತಿರುವು ದಾಟಿದ ಮೇಲೆ ಅದ್ವೋವಾ ಬಾಯಿಂದ ಸೆರಗು ತೆಗೆದಳು. ಆಮೇಲೆ ಊರಿನಲ್ಲಿ ಎದ್ದ ನಗು ಬಹಳ ಹೊತ್ತು ನಿಲ್ಲಲಿಲ್ಲ.

ಕ್ವಾಬೆನಾ ನಗಲಿಲ್ಲ. ಅವನು ಗುರುವನ್ನು ಹುಡುಕಿಕೊಂಡು ನದಿಯ ದಂಡೆಗೆ ಹೋದ.

"ನಾನಾ, ನಾನು ದುಭಾಷಿಗೆ ನಿಜ ಹೇಳಿಬಿಟ್ಟೆ."

"ಗೊತ್ತಾಯಿತು."

"ಹೇಳಬಾರದಿತ್ತೇ?"

"ಹೇಳಿದವನು ನೀನು. ನಿನಗೆ ಏನನ್ನಿಸಿತು?"

ಅವನು ಯೋಚಿಸಿದ. "ಆ ಹೊತ್ತಿನಲ್ಲಿ ಬೇರೆ ಮಾತು ಬಾಯಿಗೆ ಬರಲಿಲ್ಲ. ಈಗ ಹೆದರಿಕೆಯಾಗುತ್ತಿದೆ."

"ಆಗಲಿ. ಕುಳಿತುಕೋ."

ಕ್ವಾಬೆನಾ ಮರಳಿನ ಮೇಲೆ ಕುಳಿತ. ನೀರು ಹರಿಯುತ್ತಿತ್ತು. ಊರಿನ ಕಡೆಯಿಂದ ನಗಾರಿ ಕೇಳಿಸುತ್ತಿತ್ತು. ಈಗ ಅದು ಬೇರೆ ತಾಳ ಹಿಡಿದಿತ್ತು.

"ಒಂದು ಮಾತು ಮಾತ್ರ ನನಗೆ ತಿಳಿಯುತ್ತಿಲ್ಲ," ಎಂದ. "ಸಿಕ್ಕಿಬಿದ್ದಿದ್ದರೆ ಆ ದುಭಾಷಿಯ ಬೆನ್ನಿನ ಚರ್ಮ ಉಳಿಯುತ್ತಿರಲಿಲ್ಲ. ಅವನು ಬಿಳಿಯರ ಅನ್ನ ತಿನ್ನುವವನು. ಅವನ ಅಜ್ಜಂದಿರು ನಮ್ಮ ಅಜ್ಜಂದಿರನ್ನು ಕೊಂದವರು. ಅವನೇನೂ ನಮ್ಮ ಊರಿನವನಲ್ಲವಲ್ಲ, ನಾನಾ?"

ನಾನಾ ಬೊಯಿಟೆಂಗ್ ಬಗ್ಗಿ ಮುಖಕ್ಕೆ ನೀರು ಹಾಕಿಕೊಂಡರು.

"ಬೆಳಿಗ್ಗೆ ಬಂದಾಗ ಆಗಿರಲಿಲ್ಲ," ಎಂದರು.